ಷರಾ: ಸುಸ್ಥಿತಿಯಲ್ಲಿದೆ

ಸರ್ಕಾರಿ ಪ್ರಾಥಮಿಕ ಶಾಲೆಗೆ ಯಾವ ವಸ್ತುವೇ ಬರಲಿ, ಮೊದಲು ಹೋಗುವುದು ದಾಸ್ತಾನು ವಹಿಗೆ. ಕ್ರಮಸಂಖ್ಯೆ, ವಿವರ, ಬಂದ ದಿನಾಂಕ, ಬೆಲೆ, ಷರಾ ಎಂಬ ಕಾಲಂಗಳಲ್ಲಿ ಕೂತಾದ ಮೇಲೆ ಅದು ಬೀರುವಿಗೆ ಹೋಗುತ್ತದೆ. ಬೀರುವಿನಿಂದ ಮುಂದಕ್ಕೆ ಪ್ರಯಾಣ ಮಾಡಿದ ವಸ್ತುಗಳು ಕಡಿಮೆ. ವಹಿಗೆ ಏರಿದ್ದು ಕಳೆದರೆ, ಒಡೆದರೆ, ಇಲಿ ಕಡಿದರೆ ಉತ್ತರ ಹೇಳಬೇಕಾದವರು ಹೆಡ್‌ಮಾಸ್ಟರು. ವರ್ಗವಾದಾಗ, ನಿವೃತ್ತಿಯಾದಾಗ ಚಾರ್ಜ್ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ಹಾಗಾಗಿ ಬಳಸದ ವಸ್ತುವೇ ಎಲ್ಲಕ್ಕಿಂತ ಕ್ಷೇಮ ಎಂಬುದು ಯಾರೂ ಹೊರಡಿಸದ, ಎಲ್ಲರೂ ಪಾಲಿಸುವ ಸುತ್ತೋಲೆ.

ನಮ್ಮ ಶಾಲೆಯ ಬೀರು ತೆರೆದರೆ ದೇಶದ ಶಿಕ್ಷಣ ಸುಧಾರಣೆಯ ಚರಿತ್ರೆ ಪದರ ಪದರವಾಗಿ ಸಿಗುತ್ತದೆ. ತೀರಾ ತಳದಲ್ಲಿ 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಕಾಲದ್ದು: ವಿಜ್ಞಾನದ ಪೆಟ್ಟಿಗೆ, ಒಂದು ಭೂಗೋಳ, ಒಂದು ಡೋಲಕ್ಕು. ಭೂಗೋಳದಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಒಡೆದಿಲ್ಲ. ಅದರ ಮೇಲೆ 'ಕೇಳಿ-ಕಲಿ' ಪಾಠ ಕೇಳಿಸುತ್ತಿದ್ದ ರೇಡಿಯೊ. ಅದರ ಮೇಲೆ ಸಿ.ಡಿ.ಗಳ ಕಟ್ಟು, ಹಾಕಲು ಯಂತ್ರವಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ ಪಕ್ಕದ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಪಾಠ ನೇರವಾಗಿ ಮೇಲಿಂದಲೇ ಇಳಿಯಿತು. ಆಗ ಆ ಕಡೆ ಕೆಲಸದಲ್ಲಿದ್ದ ನಮ್ಮ ಹೆಡ್‌ಮಾಸ್ಟರು ಈಗಲೂ ನೆನೆಯುತ್ತಾರೆ: "ಪಾಠ ಆಕಾಶದಿಂದ ಸರಿಯಾದ ಟೈಮಿಗೆ ಬರೋದು ಮೇಡಂ. ಕರೆಂಟು ಮಾತ್ರ ಪಕ್ಕದೂರಿಂದ ಬರ್ತಿರಲಿಲ್ಲ."

ಈ ಪದರಗಳ ಮೇಲೆ ಹೊಸದಾಗಿ ಬಂದು ಕೂತದ್ದು ಇಪ್ಪತ್ತು ಟ್ಯಾಬು. ಬೆಂಗಳೂರಿನ ಒಂದು ಕಂಪನಿಯ ಕೊಡುಗೆ. ಕಾರ್ಯಕ್ರಮ ಜೋರಾಗಿಯೇ ನಡೆಯಿತು. ಶಾಮಿಯಾನ, ಮೈಸೂರು ಪೇಟ, ಹಣ್ಣಿನ ತಟ್ಟೆ, ಸ್ವಾಗತ ಗೀತೆ. ಎಸ್‌ಡಿಎಂಸಿ ಅಧ್ಯಕ್ಷರು ತಮ್ಮ ಭಾಷಣದಲ್ಲಿ ಟ್ಯಾಬನ್ನು ಉದ್ದಕ್ಕೂ "ಟ್ಯಾಬ್ಲೆಟ್ಟು" ಎಂದೇ ಕರೆದರು. ಹುಳದ ಮಾತ್ರೆ ಹಂಚಲು ಬಂದವರೆಂದುಕೊಂಡ ಹಿಂದಿನ ಸಾಲಿನ ಅಜ್ಜಿ, "ಊಟ ಆದ್ಮೇಲೆ ಕೊಡ್ರಪ್ಪ, ಬರೀ ಹೊಟ್ಟೇಲಿ ಬ್ಯಾಡ" ಎಂದು ಕೂಗಿ ಹೇಳಿತು.

ಅತಿಥಿಗಳು ಕಾರು ಹತ್ತುವ ಮುಂಚೆಯೇ ಹೆಡ್‌ಮಾಸ್ಟರು ವಹಿ ಹಿಡಿದು ಅವರ ಹಿಂದೆ ಓಡಿದರು. "ಸಾರ್, ಒಂದರ ಬೆಲೆ ಎಷ್ಟು ಅಂತ ಬರ್ಕೊಳ್ಲಿ?" ಟೀ ಶರ್ಟು ತೊಟ್ಟ ಹುಡುಗ ನಕ್ಕು, "ಅದೆಲ್ಲಾ ಬೇಡ ಸಾರ್, ಫ್ರೀ ಅಂತ ಹಾಕ್ಕೊಳ್ಳಿ" ಎಂದ. ಬೆಲೆ ಇಲ್ಲದ ವಸ್ತುವನ್ನು ವಹಿಗೆ ಏರಿಸುವುದು ಹೇಗೆಂದು ಹೆಡ್‌ಮಾಸ್ಟರು ಎರಡು ಕಾಫಿ ಮುಗಿಯುವವರೆಗೆ ಯೋಚಿಸಿದರು. ಕೊನೆಗೆ ಬೆಲೆಯ ಕಾಲಂನಲ್ಲಿ ದುಂಡಗೆ 'ಉಚಿತ' ಎಂದೂ, ಷರಾದಲ್ಲಿ 'ಸುಸ್ಥಿತಿಯಲ್ಲಿದೆ' ಎಂದೂ ಬರೆದು, ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡರು.

ಅವರನ್ನು ಅಂದು ಪ್ರಯೋಜನವಿಲ್ಲ. ನಿವೃತ್ತಿ ಹತ್ತಿರದಲ್ಲಿತ್ತು. ಒಂದು ಟ್ಯಾಬಿನ ಗಾಜು ಬಿರುಕು ಬಿಟ್ಟರೆ ಪಿಂಚಣಿ ಕಾಗದದಲ್ಲೂ ಬಿರುಕು ಬೀಳುತ್ತದೆಂಬ ಭಯ ಅವರದು. ಆ ಭಯ ಹುಸಿಯೆಂದು ಹೇಳುವ ಧೈರ್ಯ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದ ನನಗೂ ಇಲ್ಲ. ನಾನು ಟ್ಯಾಬು ಕೇಳಲು ಹೋದಾಗಲೆಲ್ಲ ಅವರು ಪತ್ರಿಕೆಯಿಂದ ಕತ್ತರಿಸಿಟ್ಟ ಒಂದು ಚೂರು ತೋರಿಸುತ್ತಿದ್ದರು. ಸ್ವೀಡನ್ ದೇಶ 2023ರಲ್ಲಿ ಪರದೆ ಪಾಠ ಕಡಿಮೆ ಮಾಡಿ ಅಚ್ಚಿನ ಪುಸ್ತಕಕ್ಕೆ ಮರಳಲು ಹೊರಟ ಸುದ್ದಿ. "ಅಷ್ಟು ಮುಂದುವರಿದೋರೇ ವಾಪಸ್ ಬರ್ತಾವ್ರೆ ಮೇಡಂ. ನಾವು ಹೋಗದೇ ಇದ್ರೆ ವಾಪಸ್ ಬರೋ ಖರ್ಚೂ ಉಳೀತದೆ."

ಕಡೆಗೆ ಬೀಗ ತೆಗೆಸಿದ್ದು ನಾನಲ್ಲ, ಕಂಪನಿಯ ಒಂದು ಇಮೇಲು. ಮಕ್ಕಳು ಟ್ಯಾಬು ಬಳಸಿದ ಲೆಕ್ಕ ಅವರ ಕಂಪ್ಯೂಟರಿಗೆ ತಾನಾಗಿಯೇ ಹೋಗುತ್ತದಂತೆ. ನಮ್ಮ ಶಾಲೆಯದು ಸೊನ್ನೆ ಬರುತ್ತಿದೆಯಂತೆ. ಯಂತ್ರ ಕೆಟ್ಟಿದ್ದರೆ ರಿಪೇರಿಗೆ ಜನ ಕಳಿಸುತ್ತಾರಂತೆ. 'ಸುಸ್ಥಿತಿಯಲ್ಲಿದೆ' ಎಂಬ ಷರಾಕ್ಕೇ ಸಂಚಕಾರ ಬಂದದ್ದರಿಂದ ಹೆಡ್‌ಮಾಸ್ಟರು ಕೀಲಿ ಬಿಚ್ಚಿದರು.

ಮುಂದಿನ ಸಮಸ್ಯೆ ಚಾರ್ಜು. ಶಾಲೆಯಲ್ಲಿ ನಂಬಬಹುದಾದ ಪ್ಲಗ್ ಪಾಯಿಂಟ್ ಒಂದೇ, ಅದು ಬಿಸಿಯೂಟದ ಕೋಣೆಯಲ್ಲಿ. ಅಲ್ಲಿ ಮಿಕ್ಸಿಯ ರಾಜ್ಯಭಾರ. ಅಡುಗೆಯಮ್ಮ ಒಂಬತ್ತೂವರೆಗೆ ಕಾಯಿ, ಸಾಂಬಾರು ಪುಡಿ ಹಾಕಿ ರುಬ್ಬಲು ನಿಂತರೆ ಟ್ಯಾಬುಗಳ ವೈರು ಕಿತ್ತು ಪಕ್ಕಕ್ಕಿಡುತ್ತಾರೆ. "ನಿಮ್ಮ ಪಾಠ ಒಂದಿನ ತಡ ಆದ್ರೆ ಯಾರೂ ಕೇಳಲ್ಲ ಮೇಡಮ್ಮೋರೆ. ನನ್ನ ಸಾಂಬಾರು ಕಾಲು ಗಂಟೆ ತಡ ಆಗ್ಲಿ, ಊರೇ ಬರ್ತದೆ." ಅಪ್ಪಟ ಸತ್ಯ. ಹೀಗಾಗಿ ಇಪ್ಪತ್ತರಲ್ಲಿ ಐದಾರು ಟ್ಯಾಬು ಚಾರ್ಜ್ ಆಗಿ, ಸಾಸಿವೆ ಒಗ್ಗರಣೆಯ ವಾಸನೆ ಹೊತ್ತು ತರಗತಿಗೆ ಬರುತ್ತಿದ್ದವು. ಒಂದರ ಸುತ್ತ ನಾಲ್ಕೋ ಐದೋ ಮಕ್ಕಳು. ಅದು ಅವರಿಗೇನೂ ಹೊಸದಲ್ಲ. ನಾನು ಕಲಿಸುವುದು ಹೆಗ್ಗಡದೇವನಕೋಟೆ ಸೀಮೆಯಲ್ಲಿ. 1995ರಲ್ಲಿ ನಲಿ-ಕಲಿ ಹುಟ್ಟಿದ ತಾಲ್ಲೂಕು. ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವುದು ಇಲ್ಲಿನ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಆಗಿನ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಕೊಂಡು ಬಂದು, ಕಾರ್ಡುಗಳನ್ನು ಕೈಯಾರೆ ಬರೆದು ಶುರು ಮಾಡಿದ್ದು. ಕಾರ್ಡು ಹರಿದರೆ ಇನ್ನೊಂದು ಬರೆದರಾಯಿತು. ಬೀರುವಿಗೆ ಹೋಗದೆ ಅದು ಮಕ್ಕಳ ಕೈಯಲ್ಲೇ ಉಳಿದದ್ದಕ್ಕೆ ಈ ಹರಿಯುವ ಗುಣವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಟ್ಯಾಬಿನೊಳಗೆ ಲೆಕ್ಕದ ಒಂದು ಆಟವಿತ್ತು. ಏಳು ಎಂಟಲ ಎಷ್ಟು ಎಂದು ಕೇಳುತ್ತದೆ. ಸರಿ ಉತ್ತರ ಒತ್ತಿದರೆ ಚಪ್ಪಾಳೆ, ಒಂದು ನಕ್ಷತ್ರ. ತಪ್ಪು ಒತ್ತಿದರೆ ಹಸಿರು ಕಪ್ಪೆಯೊಂದು ಕೊಳದಿಂದ ತಲೆ ಎತ್ತಿ, ಕಣ್ಣರಳಿಸಿ, "ಉಯ್ಯೋ..." ಎಂದು ಗೋಳಾಡಿ, ಬೆನ್ನ ಮೇಲಾಗಿ ನೀರಿಗೆ ಬೀಳುತ್ತದೆ. ಇದನ್ನು ತಯಾರಿಸಿದವರು ಮಕ್ಕಳನ್ನು ಕಂಡವರಿರಲಾರರು. ಚಪ್ಪಾಳೆ ಯಾರಿಗೆ ಬೇಕು? ಕಪ್ಪೆ ಬೇಕು. ಮೊದಲ ದಿನ ಅರ್ಧ ಗಂಟೆ ತರಗತಿಯಲ್ಲಿ ಸದ್ದೇ ಇಲ್ಲದೆ ಕೆಲಸ ನಡೆಯಿತು. ಆಮೇಲೆ ಕಪ್ಪೆಯ ಪತ್ತೆಯಾಯಿತು. ಮಗ್ಗಿ ಉರುಹೊಡೆದು ಒಪ್ಪಿಸುವ ನಾಲ್ಕನೇ ತರಗತಿಯ ಹುಡುಗಿಯ ಹಿಂದೆ ನಿಂತು ನೋಡಿದೆ. ಏಳು ಎಂಟಲ ಐವತ್ತಾರು ಎಂದು ಬಾಯಲ್ಲಿ ಗೊಣಗುತ್ತಾಳೆ, ಐವತ್ತಾರು ಎಲ್ಲಿದೆ ಎಂದು ಹುಡುಕುತ್ತಾಳೆ, ಅದನ್ನು ಹುಷಾರಾಗಿ ತಪ್ಪಿಸಿ ಐವತ್ನಾಲ್ಕನ್ನು ಒತ್ತುತ್ತಾಳೆ. ಕಪ್ಪೆ "ಉಯ್ಯೋ" ಎನ್ನುತ್ತದೆ. ಐದು ತಲೆಗಳು ಒಟ್ಟಿಗೆ ನಗುತ್ತವೆ. ಸರಿ ಉತ್ತರ ಗೊತ್ತಿಲ್ಲದ ಹುಡುಗ ಪಾಪ ಅಕಸ್ಮಾತ್ತಾಗಿ ಸರಿಯಾದದ್ದನ್ನೇ ಒತ್ತಿಬಿಟ್ಟು ಗುಂಪಿನ ಬೈಗುಳ ತಿಂದ: "ಸರಿಯಾಗಿ ತಪ್ಪು ಮಾಡೋಕೂ ಬರಲ್ವಲ್ಲೋ ನಿಂಗೆ!"

ತಿಂಗಳ ಕೊನೆಗೆ ಕಂಪನಿಯಿಂದ ಬಣ್ಣಬಣ್ಣದ ವರದಿ ಬಂತು. ನಮ್ಮ ಶಾಲೆಯ ಗುಣಾಕಾರ ಪಾತಾಳಕ್ಕೆ ಇಳಿದಿತ್ತು. ಕೆಂಪು ಗೆರೆ ಯಾವ ಹೊತ್ತಿಗೆ ಕುಸಿಯಿತು ಎಂಬುದನ್ನೂ ನಿಮಿಷದ ಲೆಕ್ಕದಲ್ಲಿ ತೋರಿಸಿದ್ದರು, ಕಪ್ಪೆಯ ಹೆಸರಿರಲಿಲ್ಲ. ಪರಿಶೀಲನೆಗೆ ಬಂದ ಯುವತಿ ಗಂಭೀರವಾಗಿ, "ಮಿಸ್, ಈ ಮಕ್ಕಳಿಗೆ ಬೇಸಿಕ್ಸ್ ವೀಕ್ ಇದೆ" ಎಂದಳು. ನಾನು ಕೆಂಪು ಗೆರೆಯ ತುದಿಯಲ್ಲಿದ್ದ ಆ ಹುಡುಗಿಯನ್ನು ಕರೆದು ಹದಿನೇಳರ ಮಗ್ಗಿ ಹೇಳಿಸಿದೆ. ಗಾಳಿಯಲ್ಲಿ ತಾಳ ಹಾಕುತ್ತ ನೂರಾ ಎಪ್ಪತ್ತರ ತನಕ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಯುವತಿ ಟಿಪ್ಪಣಿ ಬರೆದುಕೊಂಡಳು. ಮುಂದಿನ ಅಪ್‌ಡೇಟಿನಲ್ಲಿ ಕಪ್ಪೆ ಇರಲಿಲ್ಲ. ಆಟಕ್ಕೆ ಕೂರುವವರೂ ಅರ್ಧಕ್ಕರ್ಧ ಇಳಿದರು.

ಟ್ಯಾಬಿನೊಳಗಿನ ಬೀಗದ ವಿಷಯವೂ ಸ್ವಲ್ಪ ಹೇಳಬೇಕು. ಯೂಟ್ಯೂಬಿಗೆ ಹೋಗದಂತೆ ನಾಲ್ಕಂಕಿಯ ಪಿನ್ ಹಾಕಿದ್ದೆವು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 2013ರಲ್ಲಿ ನೂರು ಕೋಟಿ ಡಾಲರಿಗೂ ಮೀರಿದ ಯೋಜನೆ ಹಾಕಿ ಮಕ್ಕಳಿಗೆ ಐಪ್ಯಾಡ್ ಹಂಚಿದ್ದರು. ಹೈಸ್ಕೂಲು ಹುಡುಗರು ಕೆಲವೇ ದಿನಗಳಲ್ಲಿ ತಡೆಯನ್ನೆಲ್ಲ ಬಿಚ್ಚಿ ಫೇಸ್‌ಬುಕ್ಕಿಗೆ ಹೋಗಿಬಿಟ್ಟರು. ನಮ್ಮ ಮೂರನೇ ತರಗತಿಯವನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಪಿನ್ ಯಾರು ಹೇಳಿದರೋ ಎಂದು ಗದರಿದೆ. ಅವನು ಹೊರಗಿನ ಗೋಡೆಯತ್ತ ಕೈ ತೋರಿಸಿದ. ಮರೆಯದಿರಲೆಂದು ಹೆಡ್‌ಮಾಸ್ಟರು ಶಾಲೆಯ ಡೈಸ್ ಕೋಡಿನ ಕೊನೆಯ ನಾಲ್ಕು ಅಂಕಿಗಳನ್ನೇ ಪಿನ್ ಮಾಡಿದ್ದರು. ಅದು ಗೇಟಿನಿಂದಲೇ ಓದುವಷ್ಟು ದಪ್ಪಕ್ಷರದಲ್ಲಿ ಗೋಡೆಯ ಮೇಲಿದೆ. "ಅದ್ನೇ ಓದ್ದೆ ಮಿಸ್" ಎಂದ. ಓದು ಬರುವುದಿಲ್ಲವೆಂದು ನಾನು ಚಿಂತೆ ಮಾಡುತ್ತಿದ್ದ ಹುಡುಗ ಅವನು.

ಪಠ್ಯಪುಸ್ತಕದ ಕ್ಯೂಆರ್ ಕೋಡಿನದು ಇನ್ನೊಂದು ಕಥೆ. 2017ರಲ್ಲಿ ಸರ್ಕಾರದ ದೀಕ್ಷಾ ಜಾಲತಾಣ ಬಂದ ಮೇಲೆ ಪುಸ್ತಕದೊಳಗೆ ಆ ಚೌಕಗಳು ಬಂದವು. ಟ್ಯಾಬು ಹಿಡಿದರೆ ಪಾಠದ ವಿಡಿಯೊ ಮೂಡುತ್ತದೆ. ಇದನ್ನು ಕಲಿತ ಮಕ್ಕಳು ಚೌಕ ಕಂಡಲ್ಲೆಲ್ಲ ಪಾಠ ಹುಡುಕತೊಡಗಿದರು. ಬೋಂಡದಂಗಡಿಯ ಶೆಟ್ಟರ ಡಬ್ಬಿಯ ಮೇಲಿನ ಚೌಕಕ್ಕೆ ಟ್ಯಾಬು ಹಿಡಿದು, "ಇದ್ರಲ್ಲಿ ಏನೂ ಬರಲ್ಲ ಶೆಟ್ರೇ, ಪುಸ್ತಕದ್ದು ಚೆನ್ನಾಗೈತೆ" ಎಂದು ತೀರ್ಪು ಕೊಟ್ಟು ಬಂದರು. ಶಾಲೆಯ ಟ್ಯಾಬು ಅಂಗಡಿಯವರೆಗೆ ಹೋದದ್ದು ಹೇಗೆ ಎಂಬುದನ್ನು ನಾನು ವಿಚಾರಿಸಲಿಲ್ಲ. ಹೆಡ್‌ಮಾಸ್ಟರ ಕಿವಿಗೆ ಬೀಳದಿದ್ದರೆ ಸಾಕಿತ್ತು.

ಆಗಬೇಕಾದದ್ದು ಆಗಿಯೇ ಆಯಿತು. ಕ್ರಮಸಂಖ್ಯೆ ಹದಿನಾಲ್ಕು ಬೆಂಚಿನಿಂದ ಬಿತ್ತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಬೀಳಿಸಿದವಳು ಎರಡನೇ ತರಗತಿಯ ಪುಟಾಣಿ. ಅಳಲೂ ಹೆದರಿ, ಚೂರುಗಳನ್ನು ಲಂಗದಲ್ಲಿ ಮುಚ್ಚಿಕೊಂಡು ಕೂತಿದ್ದಳು. ಮರುದಿನ ಅವಳಪ್ಪ ಕೂಲಿ ಬಿಟ್ಟು ಬಂದು ಬಾಗಿಲಲ್ಲಿ ನಿಂತ. "ಏಟಾಯ್ತದೆ ಹೇಳಿ ಸಾರ್. ಒಂದೇ ಕಿತ ಆಗಲ್ಲ, ವಾರವಾರ ಕಟ್ತೀನಿ."

ಹೆಡ್‌ಮಾಸ್ಟರು ಒಂದು ಮಾತೂ ಆಡದೆ ಬೀರು ತೆಗೆದು ವಹಿ ಹೊರಗೆಳೆದರು. ಕನ್ನಡಕ ಏರಿಸಿದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪುಟ ತಿರುವಿದರು. ಹದಿನಾಲ್ಕರ ಮೇಲೆ ಬೆರಳಿಟ್ಟು, ವಿವರ ದಾಟಿ, ದಿನಾಂಕ ದಾಟಿ, ಬೆಲೆಯ ಕಾಲಂಗೆ ಬಂದು ನಿಂತರು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

"ಉಚಿತ ಅಂತದೆ ಕಣಪ್ಪ" ಎಂದರು. "ಉಚಿತಕ್ಕೆ ಏನಂತ ವಸೂಲಿ ಮಾಡ್ಲಿ? ಹೋಗು, ಕೂಲಿ ತಪ್ಪಿಸ್ಕೋಬೇಡ. ಮಗೀನ ನಾಳೆ ತಪ್ಪದೆ ಕಳಿಸು."

ಅವನು ಹೋದ ಮೇಲೆ ಕೆಂಪು ಶಾಯಿಯಲ್ಲಿ ಷರಾ ತಿದ್ದಿದರು: 'ಬಳಕೆಯಲ್ಲಿ ಒಡೆದಿದೆ.' ಬರೆದು, ಸಹಿ ಹಾಕಿ, ಸೀಲು ಒತ್ತಿ, ನನ್ನತ್ತ ನೋಡಿದರು. ಆ ವಹಿಯಲ್ಲಿ 'ಬಳಕೆ' ಎಂಬ ಪದ ಅದೇ ಮೊದಲು ಇರಬೇಕು. ಅವರು ಮುಂದೆ ನಿವೃತ್ತರಾದಾಗ ಹತ್ತೊಂಬತ್ತು ಟ್ಯಾಬು ಎಣಿಸಿ ಒಪ್ಪಿಸಿದರು. ಇಪ್ಪತ್ತನೆಯದರ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ, ಪಿಂಚಣಿಯೂ ಸರಿಯಾಗಿ ಬರುತ್ತಿದೆ.

ಆದ್ದರಿಂದ, ತಾವು ಓದಿದ ಹಳ್ಳಿ ಶಾಲೆಗೆ ಏನಾದರೂ ಕೊಡಬೇಕೆಂದಿರುವ ಬೆಂಗಳೂರಿನ, ಹೊರದೇಶದ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೆ. ಟ್ಯಾಬು ಎಷ್ಟಾದರೂ ಕೊಡಿ. ಜೊತೆಗೊಂದು ಪತ್ರ ಕೊಡಿ. ಅದರಲ್ಲಿ ಬೆಲೆ ಬರೆಯಬೇಡಿ. 'ಮಕ್ಕಳು ಬಳಸುವಾಗ ಒಡೆದರೆ ಯಾರೂ ಉತ್ತರ ಕೊಡಬೇಕಾಗಿಲ್ಲ' ಎಂಬ ಒಂದು ಸಾಲು ಬರೆದು ಸಹಿ, ಸೀಲು ಹಾಕಿ. ಉದ್ದನೆಯ ವೈರಿನ ಒಂದು ಎಕ್ಸ್‌ಟೆನ್ಷನ್ ಬೋರ್ಡೂ ಇರಲಿ. ಮಿಕ್ಸಿಯ ಪ್ಲಗ್ಗಿಗೆ ಮಾತ್ರ ಕೈ ಹಾಕಬೇಡಿ.