ತಪ್ಪೊಪ್ಪಿಕೊಂಡವರಿಗೆ ಅರ್ಧ ಬೆಲೆ

ಇಂಗ್ಲೆಂಡಿನ ಕೌನ್ಸಿಲ್‌ಗಳು ಪಾರ್ಕಿಂಗ್ ದಂಡವನ್ನು ಆಷಾಢದ ಸೀರೆಯಂತೆ ಮಾರುತ್ತವೆ. ವೈಪರ್ ಅಡಿ ಸಿಕ್ಕಿಸಿದ ಪ್ಲಾಸ್ಟಿಕ್ ಲಕೋಟೆ ಬಿಚ್ಚಿದರೆ, ಲಂಡನ್ನಿನ ಹೊರಗೆ ಬಹುತೇಕ ಕಡೆ ದೊಡ್ಡ ತಪ್ಪಿಗೆ 70 ಪೌಂಡ್. 14 ದಿನದೊಳಗೆ ಕಟ್ಟಿದರೆ 35. ಲಂಡನ್ನಿನಲ್ಲಿ ದರ ಇನ್ನೂ ಮೇಲೆ, ಆದರೆ ಅಲ್ಲೂ ಅರ್ಧಕ್ಕರ್ಧ ಸೋಡಿ.

ಈ ಸೋಡಿಯಿಂದ ಯಾರಿಗೆ ಲಾಭ ನೋಡಿ. ಜೋಡಿ ಹಳದಿ ಗೆರೆಯ ಮೇಲೆ ಗಾಡಿ ನಿಲ್ಲಿಸಿ ಕೊತ್ತಂಬರಿ ಸೊಪ್ಪು ತರಲು ಹೋದವನಿಗೆ ತಾನು ಮಾಡಿದ್ದೇನೆಂದು ಚೆನ್ನಾಗಿ ಗೊತ್ತು. ಆ ಸಂಜೆಯೇ ಫೋನಿನಲ್ಲಿ 35 ಪೌಂಡ್ ಒತ್ತಿ, ಊಟ ಮುಗಿಸಿ, ಹಾಯಾಗಿ ಮಲಗುತ್ತಾನೆ. ನಿದ್ದೆಗೆಡುವವನು ತಪ್ಪು ಮಾಡದವನು. ಅವನ ಕೈಲಿ ಟಿಕೆಟ್ ಇದೆ, ಫೋಟೋ ಇದೆ, ನ್ಯಾಯ ಇದೆ. ಇಲ್ಲದಿರುವುದು ಧೈರ್ಯ ಒಂದೇ. ತಪ್ಪು ಮಾಡಿದ್ದರೆ 35, ಮಾಡಿಲ್ಲವೆಂಬ ಹಟವಿದ್ದರೆ 70: ಕೌನ್ಸಿಲ್ಲಿನ ದರಪಟ್ಟಿ ಅವನಿಗೆ ಓದಿಸುವುದು ಹೀಗೆ.

ಬೆಂಗಳೂರಿನಿಂದ ಬಂದವನಿಗೆ ಈ ಲೆಕ್ಕ ತಲೆಗೆ ಹತ್ತುವುದೇ ಇಲ್ಲ. ಅಲ್ಲಿ ರಿಯಾಯಿತಿ ಆತುರಗಾರರಿಗಲ್ಲ, ತಾಳಿ ಬಾಳಿದವರಿಗೆ. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧ ಮಾಫಿ ಎಂದು ಸರ್ಕಾರ ಸಾರಿದ್ದೇ ತಡ, ಜನ ಸಾಲುಗಟ್ಟಿ ನಿಂತು ನೂರು ಕೋಟಿ ರೂಪಾಯಿಗೂ ಮಿಕ್ಕಿ ಸುರಿದರು. ದಂಡ ಬಿದ್ದ ದಿನವೇ ಪೂರ್ತಿ ಕಟ್ಟಿದ್ದ ಪ್ರಾಮಾಣಿಕರು ಮನೆಯಲ್ಲಿ ಕೂತು ಪೇಪರ್ ಓದಿದರು. 2025ರಲ್ಲಿ ಮತ್ತೆ ಅದೇ ಜಾತ್ರೆ. ಈ ವಿದ್ಯೆ ಕಲಿತು ವಿಮಾನ ಹತ್ತಿದವನು ಇಲ್ಲೂ ಲಕೋಟೆಯನ್ನು ಕಾರಿನ ಖಾನೆಗೆ ತುರುಕಿ, ಯುಗಾದಿಗೋ ದೀಪಾವಳಿಗೋ ಏನಾದರೂ ಸ್ಕೀಮ್ ಬಂದೀತೆಂದು ಕಾಯುತ್ತಾನೆ. ಬರುವುದು ಕಾಗದಗಳು. 70 ಇದ್ದದ್ದು 105 ಆಗುತ್ತದೆ. ನಾರ್ಥಾಂಪ್ಟನ್ನಿನಲ್ಲಿರುವ ಕೋರ್ಟಿನ ಕೇಂದ್ರದಲ್ಲಿ ಸಾಲವೆಂದು ದಾಖಲಾಗುತ್ತದೆ. ಕೊನೆಗೆ ಸಾಲ ವಸೂಲಿಯ ಬೇಲಿಫ್ ತನ್ನ ಫೀಸನ್ನೂ ಸೇರಿಸಿಕೊಂಡು ಬಾಗಿಲು ತಟ್ಟುತ್ತಾನೆ. ದಂಡದ ವಿಷಯದಲ್ಲಿ ಈ ದೇಶ ಕ್ಷಮಿಸದ ಪಾಪ ಒಂದೇ, ಸುಮ್ಮನಿರುವುದು.

ಹಾಗಾದರೆ ಜಗಳವಾಡಬೇಕೇ? ಇಲ್ಲೇ ಸ್ವಾರಸ್ಯವಿರುವುದು. ಮೊದಲ 14 ದಿನದೊಳಗೆ ತಕರಾರು ಬರೆದು, ಅದು ತಿರಸ್ಕೃತವಾದರೂ, ಅರ್ಧ ಬೆಲೆಯನ್ನು ಮತ್ತೆ ಕೊಡುವುದನ್ನು ಪರಿಗಣಿಸಿ ಎಂದು ಸರ್ಕಾರದ ಮಾರ್ಗಸೂಚಿಯೇ ಕೌನ್ಸಿಲ್‌ಗಳಿಗೆ ಹೇಳುತ್ತದೆ. ಸಾಮಾನ್ಯವಾಗಿ ಕೊಡುತ್ತಾರೆ ಕೂಡ. ಅಂದರೆ ಮೊದಲ ಕಾಗದ ಬರೆಯುವವನು ಹೆಚ್ಚೂಕಡಿಮೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಲಕೋಟೆಯಲ್ಲಿ '14 ದಿನ' ಎನ್ನುವುದು ಕಣ್ಣಿಗೆ ರಾಚುತ್ತದೆ. ಮಾರ್ಗಸೂಚಿಯ ಈ ಮಾತು ಮಾತ್ರ ಹುಡುಕಿದವರಿಗಷ್ಟೇ ದಕ್ಕುತ್ತದೆ. ಹಣ ಕಟ್ಟಿಬಿಟ್ಟರೋ, ಕೇಸು ಮುಗಿಯಿತು. ಆಮೇಲೆ ದೇವರೇ ಬಂದು ಸಾಕ್ಷಿ ಹೇಳಿದರೂ ಕೇಳುವವರಿಲ್ಲ.

ಕಾಗದ ಬರೆಯುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ, ಆದರೆ ಬರೆಯುವುದು ತಹಶೀಲ್ದಾರರಿಗೆ ಬರೆದಂತೆ. ದಾವಣಗೆರೆಯಿಂದ ಅತ್ತೆ ಬಂದದ್ದು, ಅವರ ಬಿಪಿ, ಮಗುವಿನ ವಾಂತಿ, ತಮ್ಮ ಹದಿನೈದು ವರ್ಷದ ಕಪ್ಪುಚುಕ್ಕೆಯಿಲ್ಲದ ಚಾಲನೆ, ಎಲ್ಲವೂ ಅದರಲ್ಲಿರುತ್ತವೆ. ಬೋರ್ಡು ಮರದ ಕೊಂಬೆಯ ಹಿಂದೆ ಅಡಗಿತ್ತು ಎಂಬ ಒಂದೇ ಉಪಯುಕ್ತ ಸಂಗತಿ ಮಾತ್ರ ಇರುವುದಿಲ್ಲ. ಕರುಣೆಯ ಅಧಿಕಾರ ಕೌನ್ಸಿಲ್ಲಿಗೆ ಇದೆ, ನಿಜ. ಆದರೆ ದಂಡದ ಮೇಲ್ಮನವಿ ಕೇಳುವ ಸ್ವತಂತ್ರ ಟ್ರಿಬ್ಯುನಲ್ಲಿಗೆ ಹೋದರೆ ಅಲ್ಲಿ ಅತ್ತೆಯ ಬಿಪಿ ನಡೆಯದು. ಹೆಚ್ಚೆಂದರೆ ಇವರ ಮೇಲೆ ದಯೆ ತೋರಿ ಎಂದು ಕೌನ್ಸಿಲ್ಲಿಗೇ ಶಿಫಾರಸು ಮಾಡಬಹುದು. ಅಲ್ಲಿ ಬೇಕಾದದ್ದು ಅಳಿಸಿದ ಗೆರೆ, ಕಾಣದ ಬೋರ್ಡು, ತಪ್ಪಾದ ಸಮಯ. ಅಲ್ಲಿಗೆ ಹೋಗಲು ಶುಲ್ಕವೂ ಇಲ್ಲ, ವಕೀಲನೂ ಬೇಡ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ವಾದಿಸಬಹುದು. ಅಷ್ಟಾದರೂ ಹೋಗುವವರು ಕಡಿಮೆ. 35 ಪೌಂಡಿನ ಆಸೆ ಅವರನ್ನು ಮೊದಲ ಮೆಟ್ಟಿಲಲ್ಲೇ ಕೂರಿಸಿರುತ್ತದೆ.

ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನ ನ್ಯಾಯಾಧೀಶರು ಮಾತ್ರ 'ಹರಿದು ಬಿಸಾಕಿ' ಎಂದು ತೀರ್ಪು ಕೊಟ್ಟಿರುತ್ತಾರೆ. ಅದು ಸೂಪರ್ ಮಾರ್ಕೆಟ್ ಮುಂದೆ ಖಾಸಗಿ ಕಂಪನಿಗಳು ಹಚ್ಚುವ ಚೀಟಿಯ ಬಗ್ಗೆ ಹುಟ್ಟಿದ ಹಳೆಯ ಸಲಹೆ. ಕೌನ್ಸಿಲ್ಲಿನ ಪೆನಾಲ್ಟಿ ಚಾರ್ಜ್ ನೋಟಿಸೂ ಪಿಸಿಎನ್, ಖಾಸಗಿಯವರ ಪಾರ್ಕಿಂಗ್ ಚಾರ್ಜ್ ನೋಟಿಸೂ ಪಿಸಿಎನ್. ಹೆಸರಿನ ಮೊದಲಕ್ಷರಗಳನ್ನು ಹಾಗೆ ಹೊಂದಿಸಿದವರ ಜಾಣತನಕ್ಕೆ ಕೈ ಮುಗಿಯಬೇಕು. ಆ ಸಲಹೆಗೂ ವಯಸ್ಸಾಯಿತು. ಚೆಲ್ಮ್ಸ್‌ಫರ್ಡ್‌ನಲ್ಲಿ 56 ನಿಮಿಷ ಹೆಚ್ಚು ನಿಂತ ಕಾರಿಗೆ ಖಾಸಗಿ ಕಂಪನಿ ಹಾಕಿದ 85 ಪೌಂಡನ್ನು 2015ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು.

ಈ ಹಣ ಬೊಕ್ಕಸ ತುಂಬಲು ಅಲ್ಲ, ಸಂಚಾರದ ಶಿಸ್ತಿಗಾಗಿ ಎಂದು ಕೌನ್ಸಿಲ್‌ಗಳು ಹೇಳಿಕೊಳ್ಳುತ್ತವೆ. ಕಾನೂನೂ ಹಾಗೇ ಹೇಳುತ್ತದೆ; ರಸ್ತೆ, ಬಸ್ಸು ಇಂಥವುಗಳ ಸಾಮಾನ್ಯ ಖರ್ಚು ಸರಿದೂಗಿಸಲೆಂದು ನಿವಾಸಿಗಳ ಪರ್ಮಿಟ್ ದರ ಏರಿಸಿದ ಉತ್ತರ ಲಂಡನ್ನಿನ ಬಾರ್ನೆಟ್ ಕೌನ್ಸಿಲ್ಲಿಗೆ 2013ರಲ್ಲಿ ಹೈಕೋರ್ಟ್ ಕಿವಿ ಹಿಂಡಿತ್ತು. ಅದಿರಲಿ, ಮುಂದಿನ ವರ್ಷ ಊರಿನವರು ಎಷ್ಟು ಪೌಂಡಿನಷ್ಟು ತಪ್ಪು ಮಾಡಲಿದ್ದಾರೆ ಎಂಬ ಅಂದಾಜು ಬಜೆಟ್ಟಿನಲ್ಲಿ ಮೊದಲೇ ಕೂತಿರುತ್ತದಲ್ಲ. ಎಲ್ಲರೂ ಏಕಾಏಕಿ ನೆಟ್ಟಗೆ ಗಾಡಿ ನಿಲ್ಲಿಸತೊಡಗಿದರೆ ಅದನ್ನು ಶಿಸ್ತು ಎನ್ನುತ್ತಾರೋ, ಖೋತಾ ಎನ್ನುತ್ತಾರೋ?

ಹಟ ಹಿಡಿದು ಕೊನೆಯವರೆಗೆ ಹೋದ ಒಬ್ಬ ಗೆಳೆಯನನ್ನು ಬಲ್ಲೆ. ಟಿಕೆಟ್ಟಿನ ಅವಧಿ ಮುಗಿದ ಆರನೇ ನಿಮಿಷಕ್ಕೆ ದಂಡ ಬಿದ್ದಿತ್ತು. ಇಂಗ್ಲೆಂಡಿನಲ್ಲಿ 2015ರಿಂದ ಹತ್ತು ನಿಮಿಷದ ವಿನಾಯಿತಿ ಇದೆ. ಎರಡೂ ಸಮಯಗಳು ಕೌನ್ಸಿಲ್ ಕೊಟ್ಟ ಕಾಗದದಲ್ಲೇ ಅಚ್ಚಾಗಿದ್ದವು. "ರೀ, ಮೂವತ್ತೈದು ಪೌಂಡ್ ಬಿಸಾಕಿ ಸುಮ್ನಿರಿ, ಈ ವಯಸ್ಸಲ್ಲಿ ಕೋರ್ಟು ಕಚೇರಿ ಬೇಕಾ?" ಎಂದರು ಅವನ ಹೆಂಡತಿ. ಅವನು ಬರೆದ. ತಿರಸ್ಕಾರ. ಮತ್ತೆ ಬರೆದ. ಮತ್ತೆ ತಿರಸ್ಕಾರ, ಅಷ್ಟರಲ್ಲಿ ಅರ್ಧ ಬೆಲೆಯೂ ಹೋಯಿತು. ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಿದ ಮೇಲೆ ಕೌನ್ಸಿಲ್ ವಾದ ಮಾಡಲು ಬರಲೇ ಇಲ್ಲ. ಬಂದದ್ದು ಒಂದು ಕಾಗದ: ಸದ್ಭಾವನೆಯಿಂದ, ಈ ಒಂದು ಬಾರಿಗೆ ಮಾತ್ರ, ದಂಡ ರದ್ದು ಮಾಡಿದ್ದೇವೆ; ಮುಂದೆ ಎಚ್ಚರವಿರಲಿ.

ಅವನು ಅದನ್ನು ಎರಡು ಸಲ ಓದಿ ಹೆಂಡತಿಯ ಕೈಗಿತ್ತ. ಆಕೆ ಕನ್ನಡಕ ಏರಿಸಿ ನೋಡಿ ಹೇಳಿದರು: "ಪಾಪ, ಒಳ್ಳೆ ಜನ. ಒಂದು ಥ್ಯಾಂಕ್ಸ್ ಬರೆದು ಹಾಕಿ."