ಧಾರವಾಡ ಸೀಮೆಯ ಎದೆಗಳು: ಜಾತಿ, ಉಪಜಾತಿ, ಲಕ್ಷಣ

ಮನುಷ್ಯನ ಹೃದಯಕ್ಕೆ ನಾಲ್ಕು ಕೋಣೆ ಎಂದು ವೈದ್ಯಶಾಸ್ತ್ರ. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಹೃದಯಗಳೇ ನಾಲ್ಕು ಜಾತಿಯವು ಎಂದು ನಮ್ಮ ಪ್ರಮೇಯ. ಜಾತಿ ಎಂದಕೂಡಲೇ ಯಾರೂ ಸರ್ಟಿಫಿಕೇಟ್ ಹುಡುಕಬೇಕಿಲ್ಲ.

ಮೊದಲನೆಯದು ಧಸಕ್ಕೆನ್ನುವ ಎದೆ. ಅಣ್ಣಿಗೇರಿಯ ಎರಿ ಹೊಲದಲ್ಲಿ ಹಿಂಗಾರಿ ಕಡಲೆ ಹೂ ಬಿಟ್ಟಾಗ ಅಕಾಲದ ಮೋಡ ಕವಿದರೆ ಇದು ಪ್ರಕಟವಾಗುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. 72ರ ಆಸುಪಾಸಿನಲ್ಲಿದ್ದ ಬಡಿತ 100 ದಾಟುತ್ತದೆ. ಕಡಲೆಗೆ ‘ಅಣ್ಣಿಗೇರಿ-1’ ಎಂಬ ತಳಿಯ ಹೆಸರಿದೆ. ಅದನ್ನು ಬೆಳೆದವನ ಎದೆಗೆ ವಿಜ್ಞಾನಿಗಳು ಇನ್ನೂ ನಂಬರ್ ಕೊಟ್ಟಿಲ್ಲ.

ಎರಡನೆಯದು ತಾಳದ ಎದೆ. ಇದರ ನೆಲೆ ಗಾಯಕ ಸವಾಯಿ ಗಂಧರ್ವರ ಕುಂದಗೋಳವೆಂದು ಒಪ್ಪಿಕೊಳ್ಳುವುದೇ ಮರ್ಯಾದೆ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ ಹಸುಗೂಸಿನಲ್ಲಿ ಲಯ ದ್ರುತ, ನಿಮಿಷಕ್ಕೆ 120ಕ್ಕೂ ಮೇಲೆ. ತಾಳ ಹಾಕಲು ಮಿದುಳಿನ ಅಪ್ಪಣೆ ಬೇಕಿಲ್ಲ. ಬಲ ಮೇಲ್ಕೋಣೆಯ ಗೋಡೆಯಲ್ಲಿರುವ ಪುಟ್ಟ ಗಂಟೊಂದು ತಾನೇ ಮಿಂಚು ಹೊಡೆಯುತ್ತದೆ. ನಮಗೆ ಕೇಳುವ ಲಬ್-ಡಬ್ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡ್, ಅದರಲ್ಲಿ ಕೆಳಕೋಣೆಗಳು ಹಿಂಡುವುದು 0.3, ಸಡಿಲಾಗಿರುವುದು 0.5. ಲೆಕ್ಕ ಹಾಕಿದರೆ ದಿನಕ್ಕೆ ಹದಿನೈದು ತಾಸು ವಿಶ್ರಾಂತಿ! ದಿನಕ್ಕೆ ಒಂದು ಲಕ್ಷ ಸಲ ಬಡಿದೂ ದಣಿಯದ ಗುಟ್ಟು ಇದೇ. ಇನ್ನು ಮುಂದೆ ಅಗಸಿಕಟ್ಟೆಯ ಮೇಲೆ ಕುಳಿತವರನ್ನು ಮೈಗಳ್ಳರೆನ್ನುವ ಮುನ್ನ ವಿಚಾರ ಮಾಡಬೇಕು.

ಮೂರನೆಯದು ಗಟ್ಟಿ ಎದೆ. 1980ರ ರೈತ ಬಂಡಾಯ ಕಂಡ ನವಲಗುಂದಕ್ಕೆ ಇದರ ಲಕ್ಷಣ ವಿವರಿಸುವುದು ಅಧಿಕಪ್ರಸಂಗ. ಅಲ್ಲಿಯವರಿಗೆ ತಿಳಿಯುವ ಮಾತೊಂದನ್ನಷ್ಟೇ ಹೇಳಬಹುದು. ಮಲಪ್ರಭಾ ಕಾಲುವೆಯ ಕೊನೆಯ ಹೊಲದ ಪಾಡು ಹೃದಯಕ್ಕಿಲ್ಲ: ಮಹಾಪಧಮನಿಯ ಮೊದಲ ಎರಡು ತೂಬುಗಳನ್ನು ಅದು ತನಗೇ ಇಟ್ಟುಕೊಂಡಿದೆ. ನಿಮಿಷಕ್ಕೆ ಎತ್ತುವ ಐದು ಲೀಟರ್ ರಕ್ತದಲ್ಲಿ ಸುಮಾರು ಕಾಲು ಲೀಟರ್ ಅದರ ಪಾಲು, ಅದೂ ಬಹುಪಾಲು ವಿಶ್ರಾಂತಿಯ ಹೊತ್ತಿನಲ್ಲೇ. ಆದರೆ ತೂಬಿನಲ್ಲಿ ಹೂಳು ತುಂಬಿದರೆ ಎಂಥ ಗಟ್ಟಿ ಎದೆಯೂ ನಾಲ್ಕನೆಯ ಜಾತಿಗೆ ಸೇರುತ್ತದೆ.

ಅದೇ ಗ್ಯಾಸಿನ ಎದೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ವ್ಯಾಪಕ. ಉಪಜಾತಿಗಳು: ಮಿರ್ಚಿ ಗ್ಯಾಸ್, ಜುಣಕದ ಗ್ಯಾಸ್, ಜಾಗರಣೆಯ ಗ್ಯಾಸ್. ಪತ್ತೆಯ ವಿಧಾನ ಹೀಗೆ:

“ಯಾಕ್ರೀ, ಮಾರಿ ಎಲ್ಲಾ ಬೆವತೈತಲ್ಲ?”

“ಏನಿಲ್ಲ ತಗಿ, ಗ್ಯಾಸ್ ಆಗೇತಿ. ಒಂದು ಸೋಡಾ ತರಸು.”

“ಎಡಗೈ ಯಾಕ ತಿಕ್ಕೊಳ್ಳಾಕತ್ತೀರಿ?”

“ಗ್ಯಾಸ್ ಕೈಗೆ ಇಳದೈತಿ.”

ಗ್ಯಾಸ್ ಕೈಗೆ ಇಳಿಯುವುದಿಲ್ಲ. ಹೃದಯದ ನೋವು ಹೊತ್ತ ನರಗಳು ಬೆನ್ನುಹುರಿ ಸೇರುವಲ್ಲಿಯೇ ತೋಳಿನ ನರಗಳೂ ಸೇರುವುದರಿಂದ ಮಿದುಳಿಗೆ ವಿಳಾಸ ತಪ್ಪುತ್ತದೆ. ಇಲ್ಲಿ ಶಾಸ್ತ್ರಕಾರನ ತಮಾಷೆ ಮುಗಿಯಿತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆಯಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವುದು ಅದರ ಉದ್ದೇಶ. ಆ ಮದ್ದು ಫಲ ಕೊಡುವುದು ಮೊದಲ ತಾಸುಗಳಲ್ಲಿ. ಹನ್ನೆರಡು ತಾಸು ದಾಟಿದ ಮೇಲೆ ಉಪಯೋಗ ತೀರ ಕಡಿಮೆ. ನಾಲ್ಕನೆಯ ಜಾತಿಯವರು ಸೋಡಾ ತರಿಸುವ ಮೊದಲು 108ಕ್ಕೆ ಫೋನ್ ಹಚ್ಚಬೇಕು.