ಸರ್ವರ್ ಬಿದ್ದೈತೆ ಕಣಣ್ಣ

ಗುಬ್ಬಿ ಸಂತೆಯಿರಲಿ, ಕುಣಿಗಲ್ ಸಂತೆಯಿರಲಿ, ಸುಂಕದಣ್ಣನನ್ನು ಹುಡುಕಬೇಕಾಗಿಲ್ಲ. ಸೊಪ್ಪಿನ ಅಜ್ಜಿಯರು ಮಂಕರಿ ಹಿಂದಕ್ಕೆಳೆದುಕೊಂಡು "ಇನ್ನೂ ಬೋಣಿನೇ ಆಗಿಲ್ಲ ಕಣಪ್ಪ" ಎಂದು ರಾಗ ತೆಗೆದರೆ ಅಣ್ಣ ಆ ಸಾಲಿಗೆ ಬಂದನೆಂದೇ ಲೆಕ್ಕ. ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ, ಕುಣಿಗಲ್ಲಿನಲ್ಲಿ ಪುರಸಭೆ. ಹರಾಜು ಕೂಗಿ ಸುಂಕ ಎತ್ತುವ ಹಕ್ಕು ಹಿಡಿಯುವವನು ಕಂಟ್ರಾಕ್ಟರು, ಸಂತೆ ತುಂಬಾ ಬೈಸಿಕೊಳ್ಳುವವನು ಇವನು.

ಮೊದಲೆಲ್ಲ ಕೈಯಲ್ಲಿ ರಸೀತಿ ಪುಸ್ತಕ, ಕಿವಿಸಂದಿಯಲ್ಲಿ ಪೆನ್ನು. ದರಪಟ್ಟಿ ಬೋರ್ಡಿನ ಮೇಲಿದ್ದರೂ ಅಸಲು ದರ ಇವನ ತಲೆಯಲ್ಲಿರುತ್ತಿತ್ತು. ಬಟ್ಟೆಯವನಿಗೆ ಪೂರ್ತಿ, ನಾಲ್ಕು ಕಟ್ಟು ಸೊಪ್ಪಿಟ್ಟುಕೊಂಡ ಅಜ್ಜಿಗೆ ಅರ್ಧ, ಅದಕ್ಕೂ ಗತಿಯಿಲ್ಲದಿದ್ದರೆ ಒಂದು ಕಟ್ಟು ಕೊತ್ತಂಬರಿ. (ಆ ಕೊತ್ತಂಬರಿ ಯಾವ ಖಾತೆಗೆ ಜಮಾ ಆಗುತ್ತಿತ್ತೆಂದು ಇವನ ಹೆಂಡತಿಯನ್ನು ಕೇಳಬೇಕು.) ಈಗ ಬಸ್ ಕಂಡಕ್ಟರನ ಹಾಗೆ ಕುತ್ತಿಗೆಗೆ ಮೆಷಿನ್ ಬಿದ್ದಿದೆ. ಅದರಲ್ಲಿ ಕೊತ್ತಂಬರಿಗೆ ಬಟನ್ ಇಲ್ಲ. ಕುರಿಗಿದೆ, ಮರಿಗಿಲ್ಲ. ಒತ್ತಿದರೆ ಪೂರಾ ಕುರಿಯ ಚೀಟಿಯೇ ಬರುತ್ತದೆ.

"ಹಾಲು ಬಿಡದ ಮರಿಗೂ ಸುಂಕವೇನಯ್ಯ?"

"ನನ್ನೇನ್ ಕೇಳ್ತೀಯ ಗೌಡ, ಇದನ್ನೇ ಕೇಳು" ಎಂದು ಮೆಷಿನ್ನನ್ನು ಕುರಿಯವನ ಮುಖಕ್ಕೇ ಹಿಡಿಯುತ್ತಾನೆ. ಐದು ನಿಮಿಷ ಜಗಳವಾಡಿ, ಕೊನೆಗೆ ಮರಿ ಕಣ್ಣಿಗೇ ಬೀಳಲಿಲ್ಲವೆಂದು ಇಬ್ಬರೂ ಒಪ್ಪುತ್ತಾರೆ.

ವ್ಯಾಪಾರಿಗಳೇನು ಕಮ್ಮಿಯೇ? 2020ರಲ್ಲಿ ಪಿಎಂ ಸ್ವನಿಧಿ ಬಂದು, ಬೀದಿ ವ್ಯಾಪಾರಿಗೆ ಮೊದಲ ಕಂತು 10,000 ರೂಪಾಯಿ ಸಾಲ, ಫೋನಲ್ಲಿ ದುಡ್ಡು ಇಸ್ಕೊಂಡರೆ ಮೇಲೆ ಕ್ಯಾಶ್‌ಬ್ಯಾಕು ಎಂದಮೇಲೆ ಟೊಮೆಟೊ ರಾಶಿಗೂ ಕ್ಯೂಆರ್ ಅಂಟಿತು. "ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡ್ತೀನಿ ತೋರ್ಸು" ಎಂದು ಟೊಮೆಟೊದವಳೇ ಇವನನ್ನು ದಬಾಯಿಸುತ್ತಾಳೆ. ಆ ದುಡ್ಡು ಇವನ ಜೇಬಿನ ವಾಸನೆಯನ್ನೂ ನೋಡದೆ ನೇರ ಕಂಟ್ರಾಕ್ಟರನ ಖಾತೆಗೆ!

ಅದಕ್ಕಿಂತ ದೊಡ್ಡ ಸಂಕಟ ಗಡಿಯಾರದ್ದು. ರಸೀತಿ ಪುಸ್ತಕ ಎಂದೂ ಟೈಮು ಕೇಳಿದ್ದಿಲ್ಲ. ಮೆಷಿನ್ನು ಒಂದೊಂದು ಚೀಟಿಯ ಗಂಟೆ, ನಿಮಿಷವನ್ನೂ ತುಮಕೂರಿನಲ್ಲಿ ಕೂತ ಕಂಟ್ರಾಕ್ಟರನ ಫೋನಿಗೆ ಚಾಡಿ ಹೇಳುತ್ತದೆ. ಇದಕ್ಕೆ ಮದ್ದು ಇವನಿಗೆ ಸಿಕ್ಕಿದ್ದು ಮಂಡಿ ಗುಮಾಸ್ತರಿಂದ. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಎಪಿಎಂಸಿಗಳಲ್ಲಿ ಲಾಟ್ ನಂಬರು, ಆನ್‌ಲೈನ್ ಟೆಂಡರು ಶುರುವಾದಾಗಿನಿಂದ ಅವರು ಈ ವಿದ್ಯೆಯಲ್ಲಿ ಪಳಗಿದವರು.

"ಹನ್ನೊಂದರಿಂದ ಮುಕ್ಕಾಲು ಗಂಟೆ ಎಲ್ಲೋಗಿದ್ಯೋ?" ಫೋನು ಗುಡುಗಿತು.

"ಸರ್ವರ್ ಬಿದ್ದಿತ್ತು ಕಣಣ್ಣ."

"ಹೌದಾ? ಆ ಮುಕ್ಕಾಲು ಗಂಟೇಲಿ ಹರ್ದಿರೋದು ಒಂದೇ ಚೀಟಿ, ಅದೂ ತಟ್ಟೆ ಇಡ್ಲಿ ಗಾಡೀದು. ಸರ್ವರ್ರು ಅಲ್ಲೊಂದ್ ಕಡೆ ಮಾತ್ರ ಎದ್ದು ಕೂತಿತ್ತೇನೋ?"